ಪದ ಮತ್ತು ಪದಾರ್ಥ: ನಮ್ಮ ಪುರಾತತ್ತ್ವ ಸಂಶೋಧನೆಯಲ್ಲಿ ರಸಾಯನ ವಿಶ್ಲೇಷಣೆ

ಬೆಂಗಳೂರಿನ ವಿದ್ವತ್ ಜೀವನದಲ್ಲಿ 1909 ಗಮನಾರ್ಹವಾದ ವರ್ಷ. ನಾಡಿನ ಚರಿತ್ರೆ, ಶಾಸನ, ಐತಿಹ್ಯಗಳ ಅಧ್ಯಯನಕ್ಕೆಂದು ಮಿಥಿಕ್ ಸೊಸೈಟಿ ಸ್ಥಾಪನೆಯಾದುದು ಆ ವರ್ಷ. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದುದೂ ಅದೇ ವರ್ಷ. ಈ ಎರಡನೆಯ ಸಂಸ್ಥೆಯ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್ ಅವರು ರಸಾಯನಶಾಸ್ತ್ರಜ್ಞರು. 1898ರಲ್ಲಿ ವಿಲಿಯಂ ರ‍್ಯಾಮ್ಸೆ ಅವರೊಡನೆ ದ್ರವೀಕರಿಸಿದ ಗಾಳಿಯನ್ನು ಹಂತಹಂತವಾಗಿ ಬೇರ್ಪಡಿಸಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಹೀಗೆ ಪದವನ್ನು ಓದುವವರೂ ಪದಾರ್ಥವನ್ನು ಓದುವವರೂ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಕೆಲಸಕ್ಕೆ ತೊಡಗಿದರು. ಶತಮಾನ ಕಳೆದರೂ ಈ ಇಬ್ಬರ ನಡುವಣ ಸಂಭಾಷಣೆ ಅಲ್ಲಲ್ಲಿ ಕೇಳಿಬಂದ ಒಂದೆರಡು ಮಾತುಗಳನ್ನು ದಾಟಿ ಹೋಗಲಿಲ್ಲ. ಇದಕ್ಕೆ ಉಪಕರಣಗಳ ಅಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. ಆ ಕಾರಣವನ್ನು ನಾನು ಒಪ್ಪಲಾರೆ. ಅಭಾವವಿದ್ದುದು ಪ್ರಶ್ನೆಗಳಿಗೆ ಎಂಬುದು ಪ್ರಸ್ತುತ ಲೇಖನದ ವಾದ.

ಉತ್ತರ ಬೆಂಗಳೂರಿನ ಮಟ್ಟಿಗೆ ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನಿತ್ತು ಕೃಷಿ ಪ್ರಯೋಗಕ್ಷೇತ್ರವನ್ನು ಆರಂಭಿಸಿದಾಗ ಅದರ ಹೊಣೆ ಹೊತ್ತವರು ಲೇಮನ್ ಎಂಬ ಕೃಷಿ ರಸಾಯನಜ್ಞರು. 1914ರ ಯುದ್ಧದಿಂದ ಮೈಸೂರಿನ ಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ತಪ್ಪಿದಾಗ, ಇಲ್ಲಿಯೇ ಎಣ್ಣೆ ಬಟ್ಟಿಯಿಳಿಸುವ ವಿಧಾನವನ್ನು ಸಿದ್ಧಪಡಿಸಿದವರು ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್. ಗಂಧದೆಣ್ಣೆಯ ಬೆಲೆ ಅದರಲ್ಲಿರುವ ಸ್ಯಾಂಟಲಾಲ್ ಅಂಶವನ್ನು ಅವಲಂಬಿಸಿದೆ. ಆದ್ದರಿಂದ ಸರ್ಕಾರಕ್ಕೆ ವಿಶ್ಲೇಷಣೆ ಬೇಕಾಯಿತು, ಕೇಳಿತು, ಪಡೆಯಿತು. ರಾಮನ್ ಅವರು ತಮ್ಮ ಹೊಸ ವಿಕಿರಣದ ಕುರಿತು ವಿಸ್ತಾರವಾದ ಮೊದಲ ಉಪನ್ಯಾಸವನ್ನು ನೀಡಿದುದು 1928ರ ಮಾರ್ಚ್ 16ರಂದು ಇದೇ ಬೆಂಗಳೂರಿನಲ್ಲಿ. ಅವರ ಹೆಸರಿನ ರೋಹಿತಮಾಪನ ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಚಿತ್ರಗಳ ವರ್ಣದ್ರವ್ಯವನ್ನು ಮುಟ್ಟದೆ ಗುರುತಿಸುವ ಮುಖ್ಯ ಸಾಧನಗಳಲ್ಲೊಂದು. 1989ರಲ್ಲಿ ಜಕ್ಕೂರಿಗೆ ಜವಾಹರಲಾಲ್ ನೆಹರೂ ಕೇಂದ್ರ ಬಂತು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಇರುವಷ್ಟು ವಿಶ್ಲೇಷಣಾ ಉಪಕರಣಗಳು ದೇಶದ ಕೆಲವೇ ಪ್ರದೇಶಗಳಲ್ಲಿ ಇದ್ದಾವು.

ಇದೇ ನೆಲ ಪುರಾತತ್ತ್ವದ ನೆಲವೂ ಹೌದು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರದೆಂದು ಎಣಿಸಲಾದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದುದು 2018ರಲ್ಲಿ, ಹೆಬ್ಬಾಳದಲ್ಲಿ. ಚೋಳರ ಕಾಲದ ತಮಿಳು ಶಾಸನಗಳು ಯಲಹಂಕವನ್ನು ಇಲೈಪಾಕ್ಕ ನಾಡು ಎಂದು ಕರೆಯುತ್ತವೆ. ಇನ್ನು ಯಶವಂತಪುರದಲ್ಲಿ 1891ರಷ್ಟು ಹಿಂದೆಯೇ ರೋಮನ್ ಬೆಳ್ಳಿ ನಾಣ್ಯಗಳ ಒಂದು ನಿಧಿ ದೊರೆಯಿತು. ನಮ್ಮ ಇತಿಹಾಸಗ್ರಂಥಗಳಲ್ಲಿ ಈ ನಿಧಿ ಒಂದು ವಾಕ್ಯವಾಗಿ ಬಂದು ಹೋಗುತ್ತದೆ: ಬೆಂಗಳೂರಿಗೆ ರೋಮಿನೊಡನೆ ವ್ಯಾಪಾರ ಸಂಬಂಧವಿತ್ತು, ಅಷ್ಟೆ. ನಾಣ್ಯದ ಮೇಲಿನ ಮುಖವನ್ನೂ ಲಿಪಿಯನ್ನೂ ಓದಿದ ಮೇಲೆ ಓದಲು ಇನ್ನೇನೂ ಉಳಿದಿಲ್ಲವೆಂಬ ಭಾವನೆ ಆ ವಾಕ್ಯದ ಹಿಂದೆ ಇದೆ. ಉಳಿದಿರುವುದು ಎಷ್ಟೆಂಬುದನ್ನು ತುಸು ವಿಸ್ತಾರವಾಗಿಯೇ ನೋಡೋಣ.

ಯಶವಂತಪುರದ ನಾಣ್ಯಗಳು ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ಚಕ್ರವರ್ತಿಗಳ ದೀನಾರಿಗಳು. ದಕ್ಷಿಣ ಭಾರತದ ಬಹುಪಾಲು ರೋಮನ್ ಬೆಳ್ಳಿ ನಿಧಿಗಳ ಸ್ವರೂಪವೂ ಇದೇ. ಅಗಸ್ಟಸ್ ಮತ್ತು ಟೈಬೀರಿಯಸ್ಸರ ನಾಣ್ಯಗಳು ಹೇರಳ, ನೀರೋ ಕ್ರಿ.ಶ. 64ರಲ್ಲಿ ನಾಣ್ಯಪದ್ಧತಿಯನ್ನು ಬದಲಿಸಿದ ಅನಂತರದವು ವಿರಳ. ಇದಕ್ಕೆ ವಿದ್ವಾಂಸರು ಕೊಡುತ್ತ ಬಂದ ವಿವರಣೆ: ನೀರೋ ಬೆಳ್ಳಿಗೆ ತಾಮ್ರ ಬೆರೆಸಿದ, ಇಲ್ಲಿನ ವರ್ತಕರು ಅಂಥ ನಾಣ್ಯವನ್ನು ಒಲ್ಲೆನೆಂದರು. ಕೇಳಲು ಚೆನ್ನಾದ ವಿವರಣೆ. ವರ್ತಕರ ಜಾಣ್ಮೆಯನ್ನು ಹೊಗಳುವುದರಿಂದ ನಮಗೆ ಪ್ರಿಯವೂ ಆಗಿದೆ. ಆದರೆ ಬೆರಕೆ ಎಷ್ಟು? 1970ರ ದಶಕದಲ್ಲಿ ಡಿ. ಆರ್. ವಾಕರ್ ಅವರು ಕ್ಷಕಿರಣ ಪ್ರತಿದೀಪ್ತಿ ವಿಧಾನದಿಂದ ರೋಮನ್ ಬೆಳ್ಳಿ ನಾಣ್ಯಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ನೀರೋನ ಹೊಸ ನಾಣ್ಯಗಳಲ್ಲಿ ಕೂಡ ಬೆಳ್ಳಿ ಶೇಕಡ 90ಕ್ಕಿಂತ ಮೇಲಿರುವಂತೆ ಕಂಡಿತು. ಅಷ್ಟು ಸಣ್ಣ ಬೆರಕೆಗಾಗಿ ಸಾವಿರಾರು ಮೈಲಿ ದೂರದ ವ್ಯಾಪಾರಿ ನಾಣ್ಯವನ್ನು ತಿರಸ್ಕರಿಸಿದನೇ ಎಂಬ ಸಂಶಯಕ್ಕೆ ಇಲ್ಲಿ ಎಡೆಯಿತ್ತು. 2014ರಲ್ಲಿ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ಅವರು ಪ್ರಕಟಿಸಿದ ಅಧ್ಯಯನ ಚಿತ್ರವನ್ನೇ ಬದಲಿಸಿತು. ಅವರು ನಾಣ್ಯದ ಅಂಚಿನಲ್ಲಿ ಸೂಜಿಗಾತ್ರದ ರಂಧ್ರ ಕೊರೆದು ಒಳಗಿನ ಲೋಹವನ್ನು ವಿಶ್ಲೇಷಿಸಿದರು. ನೀರೋನ ಸುಧಾರಣೆಯ ಅನಂತರ ಬೆಳ್ಳಿ ಶೇಕಡ 80ರ ಆಸುಪಾಸಿಗೆ ಕುಸಿದಿತ್ತು.

ಎರಡು ವಿಶ್ಲೇಷಣೆಗಳೂ ಪ್ರಾಮಾಣಿಕವಾದವು. ಒಂದು ಮೈಯನ್ನು ಓದಿತು, ಇನ್ನೊಂದು ಒಳಗನ್ನು. ಟಂಕಸಾಲೆಯಲ್ಲಿ ಬಿಲ್ಲೆಗೆ ಬಿಳುಪು ತರಿಸುವಾಗ ಮೇಲ್ಮೈಯ ತಾಮ್ರ ಹೊರಟುಹೋಗುತ್ತದೆ. ಮಣ್ಣಿನಲ್ಲಿ ಹೂತಿರುವಾಗ ಇನ್ನಷ್ಟು ಕರಗುತ್ತದೆ. ಮೇಲೆ ಉಳಿಯುವುದು ಒಳಗಿಗಿಂತ ಶುದ್ಧವಾದ ಬೆಳ್ಳಿಯ ಪದರ. ಪ್ರತಿದೀಪ್ತ ಕಿರಣಗಳು ಹೊರಬರುವುದು ಕೆಲವು ಮೈಕ್ರಾನಿನಿಂದ ಹತ್ತಾರು ಮೈಕ್ರಾನಿನ ಆಳದಿಂದ ಮಾತ್ರ. ಅಕ್ಕಸಾಲಿಗ ಒಡವೆಯನ್ನು ಒರೆಗೆ ಹಚ್ಚುವ ಮುನ್ನ ಅರದಿಂದ ಒಂದು ಗೆರೆ ಉಜ್ಜುವುದು ಈ ಕಾರಣಕ್ಕೇ. ಅವನಿಗೆ ತಿಳಿದ ಸಂಗತಿ ಪ್ರಬಂಧಗಳಲ್ಲಿ ಎಷ್ಟೋ ಸಲ ಮರೆತುಹೋಗಿದೆ.

ರಸಾಯನಜ್ಞರಿಗೆ ಇದು ಹೊಸ ಮಾತಲ್ಲ. ಕೆಟಲಿಸ್ಟ್ ಎಂದು ಕರೆಯುವ ವೇಗವರ್ಧಕಗಳಲ್ಲಿ ಘನರೂಪದವುಗಳ ಅಧ್ಯಯನ ಬಹುಮಟ್ಟಿಗೆ ಮೇಲ್ಮೈಯ ಅಧ್ಯಯನವೇ. ಕ್ರಿಯೆ ನಡೆಯುವುದು ಅಲ್ಲಿಯೇ ಆದುದರಿಂದ ಮೈ ಬೇರೆ, ಒಡಲು ಬೇರೆ ಎಂಬ ಎಚ್ಚರ ಆ ಶಾಸ್ತ್ರದ ಮೊದಲ ಪಾಠ. ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆಯವರ ತಂಡ ಸೀರಿಯಂ ಆಕ್ಸೈಡಿನಲ್ಲಿ ಪೆಲೇಡಿಯಂ, ಪ್ಲಾಟಿನಂಗಳನ್ನು ಲೋಹದ ಕಣಗಳಾಗಿ ಅಲ್ಲದೆ ಅಯಾನುಗಳಾಗಿಯೇ ನೆಲೆಗೊಳಿಸಿ ವಾಹನದ ಹೊಗೆಯನ್ನು ಶುದ್ಧೀಕರಿಸುವ ವೇಗವರ್ಧಕಗಳನ್ನು ರೂಪಿಸಿತು. ಅವು ಕಣಗಳೋ ಅಯಾನುಗಳೋ ಎಂಬುದನ್ನು ನಿರ್ಣಯಿಸಲು ನೆರವಾದುದು ಮೇಲಿನ ಕೆಲವೇ ನ್ಯಾನೋಮೀಟರುಗಳನ್ನು ಓದುವ ದ್ಯುತಿ-ಇಲೆಕ್ಟ್ರಾನ್ ರೋಹಿತಮಾಪನ. ಈ ಪ್ರಯೋಗಾಲಯಕ್ಕೂ ರೋಮನ್ ನಿಧಿ ಸಿಕ್ಕ ಯಶವಂತಪುರಕ್ಕೂ ನಡುವೆ ಇರುವುದು ನಡೆದೇ ಹೋಗಬಹುದಾದ ದೂರ. ಆದರೆ ಈ ಮೇಲ್ಮೈ ಜ್ಞಾನ ನಾಣ್ಯಶಾಸ್ತ್ರದ ನಮ್ಮ ಬರಹಗಳಿಗೆ ಇಳಿದುಬಂದಿಲ್ಲ.

ನಾಣ್ಯದ ವಿಷಯ ಇಲ್ಲಿಗೂ ಮುಗಿಯದು. ಬೆಳ್ಳಿಯ ಕುಸಿತ ನಿಜವಾಗಿ ದೊಡ್ಡದಾಗಿತ್ತೆಂದು ತಿಳಿದಮೇಲೆ ಹಳೆಯ ಶುದ್ಧ ನಾಣ್ಯವನ್ನು ಆರಿಸಿ ತರುವ ಪದ್ಧತಿ 64ರ ಅನಂತರವೂ ಸಾಗಿರಬಹುದೆಂಬ ಊಹೆಗೆ ಬಲ ಬರುತ್ತದೆ. ಆಗ ನಿಧಿಯ ಕೊನೆಯ ನಾಣ್ಯ ಕ್ಲಾಡಿಯಸ್‌ನದೆಂದ ಮಾತ್ರಕ್ಕೆ ಯಶವಂತಪುರದ ನಿಧಿ ಅವನ ಕಾಲದಲ್ಲಿಯೇ ಹೂಳಲ್ಪಟ್ಟಿತೆಂದು ಹೇಳಲಾಗದು. ಒಂದು ಶೇಕಡಾಂಶ ಬದಲಾದುದರಿಂದ ನಮ್ಮ ನೆಲದ ಕಾಲಗಣನೆಯ ಒಂದು ಆಧಾರವೇ ಅಲುಗಿತು. ಇದನ್ನು ಅನುಬಂಧಕ್ಕೆ ಸೇರಿದ ಸಂಗತಿ ಎನ್ನಬಹುದೇ?

ಅನುಬಂಧದ ಮಾತು ಬಂದುದರಿಂದ ಹೇಳಬೇಕು. ನಮ್ಮ ಉತ್ಖನನ ವರದಿಗಳಲ್ಲಿ ರಸಾಯನ ಪರೀಕ್ಷೆಯ ಫಲಿತಾಂಶ ಪುಸ್ತಕದ ಕಡೆಯಲ್ಲಿ, ಇಂಗ್ಲಿಷಿನ ಒಂದು ಕೋಷ್ಟಕವಾಗಿ ಬರುತ್ತದೆ. ಮುಖ್ಯ ಪಠ್ಯದ ಲೇಖಕರು ಅದನ್ನು ಉಲ್ಲೇಖಿಸುವುದಿಲ್ಲ. ಕೋಷ್ಟಕ ಬರೆದವರು ಮುಖ್ಯ ಪಠ್ಯವನ್ನು ಓದಿರುವ ಕುರುಹಿಲ್ಲ. ತಾಮ್ರ ಇಷ್ಟು, ತವರ ಇಷ್ಟು, ಸೀಸ ಇಷ್ಟು ಎಂಬ ಅಂಕಿಗಳು ಯಾವ ಪ್ರಶ್ನೆಗೂ ಉತ್ತರವಾಗದೆ ನಿಂತಿರುತ್ತವೆ. ದೋಷ ಎರಡೂ ಕಡೆಯದು. ಇದಕ್ಕೆ ಗೌರವಾರ್ಹವಾದ ಅಪವಾದವೊಂದನ್ನು ಹೆಸರಿಸಬೇಕು. ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಲೋಹವಿಗ್ರಹಗಳ ಮೇಲೆ 1996ರಲ್ಲಿ ಸಿದ್ಧಪಡಿಸಿದ ಮಹಾಪ್ರಬಂಧದಲ್ಲಿ ಸೀಸದ ಸಮಸ್ಥಾನಿಗಳ ಅನುಪಾತವನ್ನೂ ಶಿಲ್ಪಶೈಲಿಯನ್ನೂ ಒಟ್ಟಿಗೆ ಇಟ್ಟು ನೋಡಿದರು. ಪಂಚಲೋಹವೆಂದು ಹೆಸರಾದ ವಿಗ್ರಹಗಳಲ್ಲಿ ಬಹುಪಾಲು ಸೀಸ ಬೆರೆತ ಕಂಚಿನವು. ಚಿನ್ನ ಬೆಳ್ಳಿಗಳು ಲೇಶಮಾತ್ರ. ಶಾಸ್ತ್ರಗ್ರಂಥ ಹೇಳಿದುದು ಒಂದು, ಸ್ಥಪತಿ ಎರಕ ಹೊಯ್ದುದು ಇನ್ನೊಂದು. ಹಾಗೆಂದು ಪಂಚಲೋಹವೆಂಬ ಪದ ಸುಳ್ಳಾಗುವುದಿಲ್ಲ. ಎರಕದ ವೇಳೆ ಭಕ್ತರು ಹಾಕುವ ಚಿನ್ನದ ಒಂದು ತುಣುಕು ಸಂಸ್ಕಾರದ ದೃಷ್ಟಿಯಿಂದ ಪೂರ್ಣವಾದುದೇ. ಅಂಥ ನಂಬಿಕೆಯನ್ನು ಅಳೆಯುವ ಕೆಲಸ ಯಂತ್ರದ್ದಲ್ಲ.

ವಿಶ್ಲೇಷಣೆಯ ಮಿತಿಯನ್ನು ಹೇಳದೆ ಅದರ ಗುಣವನ್ನಷ್ಟೇ ಹಾಡುವುದು ಇನ್ನೊಂದು ಬಗೆಯ ಮೌಢ್ಯ. ಗಂಗರ ತಾಮ್ರಶಾಸನಗಳ ವಿವಾದ ಇದಕ್ಕೆ ಒಳ್ಳೆಯ ನಿದರ್ಶನ. ಬಿ. ಎಲ್. ರೈಸ್ ಅವರು ಸಂಗ್ರಹಿಸಿದ ಅನೇಕ ಗಂಗ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದರು, ರೈಸ್ ಒಪ್ಪಲಿಲ್ಲ. ವಾದವೆಲ್ಲ ನಡೆದುದು ಲಿಪಿ, ಭಾಷೆ, ವಂಶಾವಳಿ, ತಿಥಿಗಳ ಮೇಲೆ. ಲೋಹವನ್ನು ಕೇಳಿದರೆ ತೀರ್ಪು ಸಿಗುತ್ತದೆಯೇ? ಆಧುನಿಕ ಕಾಲದ ನಕಲಾದರೆ ಸಿಗಬಹುದು. ವಿದ್ಯುದ್ವಿಭಜನೆಯಿಂದ ಶುದ್ಧೀಕರಿಸಿದ ತಾಮ್ರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ಹಳೆಯ ತಾಮ್ರದ ಆರ್ಸೆನಿಕ್, ನಿಕ್ಕಲ್ ಮೊದಲಾದ ಕಲ್ಮಶಗಳು ಅದರಲ್ಲಿ ಕಾಣಸಿಗವು. ಪಟ ಹಿತ್ತಾಳೆಯದಾಗಿದ್ದು ಸತುವಿನ ಅಂಶ ಶೇಕಡ 30ನ್ನು ಮೀರಿದರೆ, ಅದು ಅದಿರಿನಿಂದ ನೇರವಾಗಿ ಮಾಡಿದ ಹಿತ್ತಾಳೆಯಲ್ಲ, ಬಟ್ಟಿಯಿಳಿಸಿದ ಸತುವನ್ನು ಬೆರೆಸಿ ಮಾಡಿದ್ದೆಂದು ತಿಳಿಯಬಹುದು. ಅಂಥದನ್ನು ಐದನೆಯ ಶತಮಾನದ್ದೆಂದು ನಂಬುವುದು ಕಷ್ಟ. ಆದರೆ ಫ್ಲೀಟ್ ಅವರ ಆಕ್ಷೇಪ ಬಹಳ ಕಡೆ ಬೇರೆಯದೇ. ಐದನೆಯ ಶತಮಾನದ ಹೆಸರಿನಲ್ಲಿ ಹತ್ತನೆಯ ಶತಮಾನದವರು ಬರೆಸಿದ ಪಟ ಅದು ಎಂಬುದು ಅವರ ಗುಮಾನಿ. ಆ ಎರಡು ಕಾಲಗಳ ತಾಮ್ರದ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಹಳೆಯ ಪಾತ್ರೆಯನ್ನು ಕರಗಿಸಿ ಹೊಸ ಪಟ ಬಡಿದಿದ್ದರೆ ಗೆರೆಯೇ ಇರದು. ಇಲ್ಲಿ ಲಿಪಿಶಾಸ್ತ್ರಜ್ಞರ ಕಣ್ಣೇ ಇಂದಿಗೂ ಪ್ರಮಾಣ.

ರಸಾಯನ ಗೆದ್ದ ಪ್ರಸಂಗವೂ ನಮ್ಮ ನಾಡಿನಲ್ಲಿಯೇ ಇದೆ. ಬಳ್ಳಾರಿ ಸೀಮೆಯ ಕುಡತಿನಿ, ಕಪಗಲ್ಲು ಮೊದಲಾದೆಡೆಗಳ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತಾಭಸ್ಮವೆಂದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯದಾಯಿತು. ವಿದ್ವಾಂಸರ ಊಹೆಗಳೂ ಕಡಿಮೆಯೇನಲ್ಲ: ಸಹಗಮನದ ಚಿತೆಗಳು, ಮಹಾಯಜ್ಞಗಳ ಕುಂಡಗಳು, ಕಬ್ಬಿಣದ ಕುಲುಮೆಗಳು. ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದು ಸಗಣಿಯ ಬೂದಿಯೆಂದು ಕಂಡಿದ್ದರೂ, 1960ರಲ್ಲಿ ಲಂಡನ್ನಿನ ಎಫ್. ಇ. ಜ್ಯೂನರ್ ಅವರು ಬೂದಿಯನ್ನೂ ಕರಗಿ ಗಾಜಾದ ಕಿಟ್ಟವನ್ನೂ ಪರೀಕ್ಷಿಸಿ ಅದನ್ನು ದೃಢಪಡಿಸುವವರೆಗೆ ಚರ್ಚೆ ನಿಲ್ಲಲಿಲ್ಲ. ಪ್ರಶ್ನೆ ಸ್ಪಷ್ಟವಾಗಿತ್ತು, ಇದು ಏನು ಎಂದು. ಉತ್ತರವೂ ಸ್ಪಷ್ಟವಾಗಿಯೇ ಬಂತು. ಏಕೆ ಸುಟ್ಟರು ಎಂಬುದು ಬೇರೆ ಪ್ರಶ್ನೆ. ಉತ್ನೂರನ್ನು ಅಗೆದ ಆಲ್ಚಿನ್ ಅವರು ದನದ ದೊಡ್ಡಿಗಳನ್ನೂ ಹಬ್ಬದ ಬೆಂಕಿಯನ್ನೂ ಕಂಡರು. 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳನ್ನು ಅಗೆದ ಪದ್ದಯ್ಯನವರು ಜನವಸತಿಗೆ ಹೊಂದಿಕೊಂಡ ಸಗಣಿಯ ರಾಶಿಗಳನ್ನು ಕಂಡರು. ಆ ವಾದ ಮುಂದುವರಿದಿದೆ. ಮುಂದುವರಿದುದು ಸಗಣಿಯೆಂಬ ಗಟ್ಟಿ ನೆಲದ ಮೇಲೆ ನಿಂತು ಎಂಬುದು ಜ್ಯೂನರ್ ಅವರ ಕೊಡುಗೆ.

ಈ ಬರಹದ ಹಿಂದಿರುವ ನಿಜವಾದ ಆತಂಕ ಮಡಕೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ಆಹಾರದ ಚರಿತ್ರೆ ಬರೆಯುವವರಿಗೆ ಚಾವುಂಡರಾಯನ ಲೋಕೋಪಕಾರ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಮೂರನೆಯ ಮಂಗರಸನ ಸೂಪಶಾಸ್ತ್ರಗಳೇ ಆಧಾರ. ಇವು ಅಮೂಲ್ಯ ಗ್ರಂಥಗಳು. ಆದರೆ ಅರಮನೆಯ ಮತ್ತು ಬಲ್ಲಿದರ ಅಡುಗೆಮನೆಯ ಗ್ರಂಥಗಳು. ಬಡವನ ಅಂಬಲಿಗೆ ಗ್ರಂಥವಿಲ್ಲ, ಅವನ ಕುಡಿಕೆಯಿದೆ. ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪದಾರ್ಥದ ಜಿಡ್ಡು ಅದರ ರಂಧ್ರಗಳೊಳಗೆ ಇಳಿದು ಸಾವಿರಾರು ವರ್ಷ ಉಳಿಯಬಲ್ಲದು. ಅದನ್ನು ದ್ರಾವಕದಿಂದ ಹೊರತೆಗೆದು ಅನಿಲ ವರ್ಣರೇಖನದಿಂದ ಬೇರ್ಪಡಿಸಿ, ಎರಡು ಮುಖ್ಯ ಕೊಬ್ಬಿನಾಮ್ಲಗಳ ಇಂಗಾಲದ ಸಮಸ್ಥಾನಿಗಳನ್ನು ಅಳೆದರೆ ಹಾಲಿನ ಕೊಬ್ಬೋ ಮಾಂಸದ ಕೊಬ್ಬೋ ಎಂದು ಹೇಳಬಹುದೆಂಬುದನ್ನು ಬ್ರಿಸ್ಟಲ್ಲಿನ ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಹರಪ್ಪ ಸಂಸ್ಕೃತಿಯ ವಾಯವ್ಯ ಭಾರತದ ಮಡಕೆಗಳ ಮೇಲೆ ಇಂಥ ಅಧ್ಯಯನಗಳು ಪ್ರಕಟವಾಗಿವೆ. ಬೂದಿದಿಬ್ಬದ ದನಗಾಹಿಗಳು ಹಾಲು ಕಾಯಿಸಿದರೇ, ತುಪ್ಪ ಮಾಡಿದರೇ ಎಂಬುದು ಈ ವಿಧಾನಕ್ಕೆ ಹೇಳಿ ಮಾಡಿಸಿದ ಪ್ರಶ್ನೆ.

ರಾಗಿಯ ವಿಷಯದಲ್ಲಿ ಮಾತ್ರ ಆಸೆ ಮಿತವಾಗಿರಬೇಕು. ತುಂಗಭದ್ರೆಯ ದಂಡೆಯ ಹಳ್ಳೂರಿನ ಕುರಿತು 1971ರಲ್ಲಿ ಪ್ರಕಟವಾದ ಎಂ. ಎಸ್. ನಾಗರಾಜರಾವ್ ಅವರ ವರದಿಯಲ್ಲಿ ರಾಗಿಯನ್ನು ಗುರುತಿಸಲಾಗಿತ್ತು. ಅನಂತರ ಡೋರಿಯನ್ ಫುಲ್ಲರ್ ಮೊದಲಾದ ಸಸ್ಯಾವಶೇಷ ತಜ್ಞರು ದಕ್ಷಿಣದ ನವಶಿಲಾಯುಗದ ಜನರ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆಯಂಥವೆಂದೂ ಆಫ್ರಿಕಾ ಮೂಲದ ರಾಗಿಯ ಹಳೆಯ ಗುರುತುಗಳನ್ನು ಮತ್ತೆ ಪರಿಶೀಲಿಸಬೇಕೆಂದೂ ವಾದಿಸಿದರು. ಇದನ್ನು ಇಂಗಾಲದ ಸಮಸ್ಥಾನಿಗಳಿಂದ ಬಗೆಹರಿಸಬಹುದೆಂದು ಉತ್ಸಾಹಿಗಳು ಹೇಳುವುದುಂಟು. ಅಕ್ಕಿ, ಗೋಧಿ, ಬೇಳೆಗಳ ಮೌಲ್ಯ ಸಾವಿರಕ್ಕೆ ಋಣ 26ರ ಸುತ್ತ, ರಾಗಿಯದು ಋಣ 12ರ ಸುತ್ತ ಎಂಬುದೇನೋ ಸರಿಯೇ. ಆದರೆ ಜೋಳ, ಸಜ್ಜೆ, ನವಣೆ, ಕೊರಲೆಗಳ ಮೌಲ್ಯವೂ ಅಷ್ಟೆ. ಬರಗನ್ನು ಸೂಚಿಸುವ ಮಿಲಿಯಾಸಿನ್ ಎಂಬ ಸಂಯುಕ್ತವಿದ್ದಂತೆ ರಾಗಿಗೆ ನೆಚ್ಚಬಹುದಾದ ಗುರುತೊಂದು ರೂಢಿಯಲ್ಲಿಲ್ಲ. ಕಾಳಿನಲ್ಲಿ ಕೊಬ್ಬು ಕಡಿಮೆ. ನಮ್ಮ ಬಿಸಿ ಮಣ್ಣಿನಲ್ಲಿ ಅದು ಉಳಿಯುವುದೂ ಕಡಿಮೆ. ರಾಗಿ ತಳಿಗಳ ಸಂಶೋಧನೆಗೆ ಹೆಸರಾದ ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳದಲ್ಲಿರುವಾಗ, ರಾಗಿ ಬೇಯಿಸಿದ ಹೊಸ ಮಡಕೆಗಳನ್ನು ಹೂತಿಟ್ಟು ವರ್ಷವರ್ಷಕ್ಕೂ ತೆಗೆದು ಏನು ಉಳಿಯುತ್ತದೆಂದು ನೋಡುವ ಪ್ರಯೋಗವನ್ನು ಪುರಾತತ್ತ್ವಜ್ಞರು ಅವರೊಡನೆ ಕೂಡಿ ಮಾಡುವುದು ಮೊದಲ ಹೆಜ್ಜೆಯಾದೀತು.

ಕಲ್ಲಿಗೆ ಬಂದರೆ, ಕಿತ್ತಯ್ಯನ ಶಾಸನವೂ ಸೇರಿದಂತೆ 2021ರಿಂದ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪ್ರತಿಗಳು ಸಿದ್ಧವಾಗುತ್ತ ಬಂದಿರುವುದು ಅಭಿನಂದನೀಯ. ಅಕ್ಷರ ಉಳಿಯಿತು. ಆದರೆ ಊರೂರಿನ ಉತ್ಸಾಹಿಗಳು ವೀರಗಲ್ಲುಗಳನ್ನು ಆಮ್ಲದಿಂದಲೋ ಸೋಪಿನ ಪುಡಿಯಿಂದಲೋ ಉಜ್ಜಿ ತೊಳೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಸುಣ್ಣ, ಅರಿಶಿನ, ದೀಪದ ಮಸಿ, ಎಣ್ಣೆಯ ಪದರಗಳು ನಮ್ಮ ಕಣ್ಣಿಗೆ ಕೊಳೆ; ಎಷ್ಟು ಕಾಲ, ಯಾವ ದ್ರವ್ಯದಿಂದ ಆ ಕಲ್ಲಿಗೆ ಪೂಜೆ ಸಂದಿತೆಂಬುದಕ್ಕೆ ಅವೇ ದಾಖಲೆ. ಅವುಗಳಲ್ಲಿ ಒಂದು ಉಗುರಿನಷ್ಟನ್ನಾದರೂ ತೊಳೆಯುವ ಮುನ್ನ ತೆಗೆದಿಡಬೇಡವೇ?

ಹಲವು ವರ್ಷಗಳ ಹಿಂದೆ ಉತ್ಖನನ ಶಿಬಿರವೊಂದಕ್ಕೆ ಹೋಗಿದ್ದೆ. ಹೊಂಡದಿಂದ ಬಂದ ಮಡಕೆಚೂರುಗಳನ್ನೆಲ್ಲ ಬುಟ್ಟಿಗಳಲ್ಲಿ ತಂದು ನೀರಿನ ತೊಟ್ಟಿಗೆ ಸುರಿದು, ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಹರಡುತ್ತಿದ್ದರು. ಒಂದು ಚೂರಿನ ಒಳಮೈಗೆ ಕರಿಯ ಸೀದ ಪದರ ಅಂಟಿಕೊಂಡಿತ್ತು. ಅದು ಅಡುಗೆಯದೇ ಇರಬಹುದೆಂದು ನಾನು ಹೇಳುವಷ್ಟರಲ್ಲಿ ಬ್ರಷ್ಷು ಅದನ್ನು ದಾಟಿಹೋಗಿತ್ತು. ತಿಕ್ಕುತ್ತಿದ್ದ ಹಿರಿಯರು ತಲೆಯೆತ್ತಿ, “ತೊಳೀದಿದ್ರೆ ಬಣ್ಣ, ಗೆರೆ ಹೆಂಗ್ ಕಾಣ್ತವೆ ಸ್ವಾಮಿ?” ಎಂದರು. ಅವರ ಮಾತು ನ್ಯಾಯವಾದುದೇ. ತೊಳೆಯದೆ ವರ್ಗೀಕರಣ ಸಾಧ್ಯವಿಲ್ಲ. ಹತ್ತರಲ್ಲಿ ಒಂದನ್ನು ತೊಳೆಯದೆ ಇಡಬಹುದೇ, ಕೈಯ ಜಿಡ್ಡು ತಾಗದಂತೆ ಎತ್ತಿ, ಪ್ಲಾಸ್ಟಿಕ್ ಚೀಲದ ಬದಲು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಪಕ್ಕದ ಒಂದು ಹಿಡಿ ಮಣ್ಣಿನೊಡನೆ, ಎಂದು ಕೇಳಿದೆ. ಅವರು ಮೇಲ್ವಿಚಾರಕರ ಕಡೆ ನೋಡಿದರು. ಮೇಲ್ವಿಚಾರಕರು ನಸುನಕ್ಕು, ಅದಕ್ಕೆ ನಮೂನೆಯಲ್ಲಿ ಕಲಮಿಲ್ಲವೆಂದರು. ಸಂಜೆ ಹೊರಡುವಾಗ ಆ ಹಿರಿಯರು ನನ್ನನ್ನು ಕರೆದು, ತಮ್ಮ ಊಟದ ಡಬ್ಬಿಯ ಬಳಿ ಎಲೆಯಲ್ಲಿ ಸುತ್ತಿಟ್ಟಿದ್ದ ಮೂರು ಚೂರುಗಳನ್ನು ತೋರಿಸಿದರು. ಮಣ್ಣು ಹಾಗೆಯೇ ಇತ್ತು.